ಸುಶೀಲಾಬಾಯಿಯವರ ಕಾರಿನ ಪ್ರೆಶರ್ ಸ್ವಿಚ್

1987ರಲ್ಲಿ ನಾನು ನವಲಗುಂದದ ಹುಬ್ಬಳ್ಳಿ ರಸ್ತೆಯ ಒಂದು ಗ್ಯಾರೇಜಿನಲ್ಲಿ ಎರಡನೇ ಮೆಕ್ಯಾನಿಕ್ ಆಗಿದ್ದೆ. ವಯಸ್ಸು ಇಪ್ಪತ್ತಮೂರು. ಹುಬ್ಬಳ್ಳಿಯಲ್ಲಿ ಐ.ಟಿ.ಐ. ಮುಗಿಸಿ 1984ರ ಫೆಬ್ರುವರಿಯಲ್ಲಿ ಅಲ್ಲಿಗೆ ಸೇರಿದ್ದೆ. ಈ ಕಥೆ ನಡೆದ ಜೂನ್ ತಿಂಗಳಿಗೆ ಮೂರು ವರ್ಷ ನಾಲ್ಕು ತಿಂಗಳು ತುಂಬಿತ್ತು. ಗ್ಯಾರೇಜು ಗದಿಗೆಪ್ಪ ಮಿಸ್ತ್ರಿಯವರದು. ಅವರನ್ನು ನಾನು ಕಾಕಾ ಎನ್ನುತ್ತಿದ್ದೆ. ರಕ್ತಸಂಬಂಧವೇನೂ ಇರಲಿಲ್ಲ. ಆದರೆ ಅಷ್ಟೂ ದಿನ ಮಧ್ಯಾಹ್ನ ನಾನು ಉಂಡದ್ದು ಅವರ ಮನೆಯಿಂದ ಬರುತ್ತಿದ್ದ ಬುತ್ತಿಯನ್ನೇ. ಸ್ಕ್ರೂಡ್ರೈವರಿನ ಹಿಡಿಕೆಗೆ ಕಿವಿ ಹಚ್ಚಿ ಎಂಜಿನ್ನಿನ ಒಳಗಿನ ಸದ್ದು ಕೇಳುವುದನ್ನು ಕಲಿಸಿದವರು ಅವರು. ಸುಟ್ಟ ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ ಅದರಲ್ಲಿ ಲೋಹದ ಪುಡಿ ಇದೆಯೋ ಇಲ್ಲವೋ ಹೇಳುವುದನ್ನೂ ಅವರೇ ಕಲಿಸಿದರು. ಇದನ್ನು ಮೊದಲೇ ಬರೆಯುತ್ತಿದ್ದೇನೆ. ಅವರು ಬರೀ ಕೆಟ್ಟ ಮನುಷ್ಯ ಆಗಿದ್ದರೆ ನನಗೆ ಗ್ಯಾರೇಜು ಬಿಟ್ಟ ಮೇಲಿನ ಈ ಎರಡು ವರ್ಷ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಕಾಕಾಗೆ ಓದು ಬರಹ ಬರುತ್ತಿರಲಿಲ್ಲ. ಪ್ರತಿ ಸಂಜೆ ಅವರು ಅಂದಿನ ಕೆಲಸಗಳನ್ನು ಬಾಯಿಂದ ಹೇಳುವರು. ನಾನು ಗ್ಯಾರೇಜಿನ ರಿಜಿಸ್ಟರಿನಲ್ಲಿ ಬರೆದು, ಸಾಲಿನ ಕೊನೆಗೆ ನನ್ನ ಸಹಿ ಹಾಕುವೆ. ಅದಲ್ಲದೆ ನನ್ನದೇ ಒಂದು ಡೈರಿ ಇತ್ತು. ಯಾವ ಗಾಡಿಗೆ ಯಾವ ತಾರೀಖಿಗೆ ಯಾವ ದೋಷ ಬಂತು, ಎಷ್ಟು ಸಲ ಬಂತು, ಏನು ಮಾಡಿದ ಮೇಲೆ ಹೋಯಿತು ಎಂದು ಗೆರೆ ಎಳೆದು ಲೆಕ್ಕ ಇಡುತ್ತಿದ್ದೆ. ಐ.ಟಿ.ಐ.ಯಲ್ಲಿ ಹತ್ತಿದ ಚಟ. ಗ್ಯಾರೇಜಿಗೆ ಅದರದೇ ಒಂದು ಕಟ್ಟಳೆಯೂ ಇತ್ತು: ಗಿರಾಕಿ ಎದುರಿಗೆ ಮಿಸ್ತ್ರಿಯ ಮಾತನ್ನು ಕೈಕೆಳಗಿನವನು ಕತ್ತರಿಸಬಾರದು. ಮಿಸ್ತ್ರಿ ತಪ್ಪು ಹೇಳಿದರೂ ಆಗ ಸುಮ್ಮನಿದ್ದು, ಗಿರಾಕಿ ಹೋದ ಮೇಲೆ ಹೇಳಬೇಕು. ನಮ್ಮ ಭಾಗದ ಎಲ್ಲ ಗ್ಯಾರೇಜುಗಳಲ್ಲೂ ಹೀಗೇ ಇತ್ತು.

ಆ ವರ್ಷ ನಮ್ಮಲ್ಲಿಗೆ ಬರುತ್ತಿದ್ದ ಗಾಡಿಗಳಲ್ಲಿ ಒಂದೇ ಒಂದು ವಿದೇಶಿ ಕಾರು. ಅದು ಸುಶೀಲಾಬಾಯಿಯವರದು. ಕುವೈತ್‌ನಲ್ಲಿ ಒಂಬತ್ತು ವರ್ಷ ನರ್ಸ್ ಆಗಿದ್ದು, ಊರಿಗೆ ಮರಳಿ ಬಂದು ನವಲಗುಂದದಲ್ಲಿ ಐದು ಹಾಸಿಗೆಯ ಹೆರಿಗೆ ಮನೆ ನಡೆಸುತ್ತಿದ್ದರು. ಊರವರಿಗೆ ಅವರು ‘ಸಿಸ್ಟರ್’. ಕಾರಿನ ಸ್ಟೇರಿಂಗ್ ಎಡಗಡೆ. ಬಲಗಡೆ ಅವರ ಆಯಾ ಯಲ್ಲವ್ವ ಕೂರುತ್ತಿದ್ದಳು. ಮೊದಲ ಸಲ ಕಾರು ಮೊರಬಕ್ಕೆ ಹೋದಾಗ ಅಲ್ಲಿಯ ಹಿರಿಯರೊಬ್ಬರು ಯಲ್ಲವ್ವನಿಗೆ ಕೈಮುಗಿದು, “ಏನವಾ, ಕೈ ಬಿಟ್ಟು ಗಾಡಿ ಹೊಡಿತೀಯಲ್ಲ!” ಎಂದಿದ್ದರಂತೆ. ಯಲ್ಲವ್ವ ಅದನ್ನು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದಳು.

ಕುವೈತ್‌ನಲ್ಲಿ ನಡೆದ ಅಪಘಾತವೊಂದರಲ್ಲಿ ಸಿಸ್ಟರ್ ಅವರ ಬಲಭುಜ ಮುರಿದಿತ್ತು. ತೋಳು ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಜೀಪಿನಂಥ ಗಾಡಿಯ ಸ್ಟೇರಿಂಗ್ ತಿರುಗಿಸುವುದು ಅವರಿಂದ ಆಗದ ಮಾತು. ಅದಕ್ಕೇ ಅವರು ಪವರ್ ಸ್ಟೇರಿಂಗ್ ಇದ್ದ ಈ ಕಾರನ್ನು ಜೊತೆಗೆ ತಂದಿದ್ದರು. ಇದರಲ್ಲಿ ಎಂಜಿನ್ನಿನಿಂದ ತಿರುಗುವ ಪಂಪೊಂದು ಎಣ್ಣೆಯನ್ನು ಒತ್ತಡದಿಂದ ತಳ್ಳಿ ಚಕ್ರ ಹೊರಳಿಸಲು ನೆರವಾಗುತ್ತದೆ. ಬೆರಳಿನಿಂದ ತಿರುಗಿಸಿದರೂ ಸಾಕು. ಪ್ರತಿ ಮಂಗಳವಾರ ಅವರು ಮೊರಬಕ್ಕೂ ಸುತ್ತಲಿನ ನಾಲ್ಕು ಹಳ್ಳಿಗಳಿಗೂ ಹೋಗಿ ಬಸುರಿಯರನ್ನು ನೋಡಿ ಬರುತ್ತಿದ್ದರು.

ಜೂನ್ 8ರ ಸೋಮವಾರ ಅವರು ಕಾರು ತಂದು ನಿಲ್ಲಿಸಿದರು.

“ಗದಿಗೆಪ್ಪ, ತಿರುವಿನ್ಯಾಗ ಎಂಜಿನ್ ಬಂದ್ ಬೀಳತದ. ಬಂದ್ ಬಿದ್ದ ಕೂಡಲೇ ಸ್ಟೇರಿಂಗ್ ಕಲ್ಲು ಆಗತದ. ನಿನ್ನಿ ಹಳ್ಳದ ಸೇತುವಿ ಮ್ಯಾಲ ಹಿಂಗ ಆತು. ಯಲ್ಲವ್ವ ಬಾಜುಕಿಂದ ಕೈ ಹಾಕಿ ತಿರುವಿದಳು.”

ಕಾಕಾ ಬಾನೆಟ್ ಎತ್ತಿ ನೋಡಿದರು. ಒಳಗೆ ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು: “ಬಾಯಾರ, ಇದು ನಮ್ಮ ಎರಿ ಮಣ್ಣಿನ ಸೀಮಿಗೆ ಹೊಂದೂ ಗಾಡಿ ಅಲ್ಲ. ಈ ಪವರ್ ಗಿವರ್ ಎಲ್ಲಾ ಕಿತ್ತು ಒಗದು, ಒಂದು ಜೀಪಿನ ಸ್ಟೇರಿಂಗ್ ಡಬ್ಬಿ ಕುಂದ್ರಸ್ತೀನಿ. ಮೂರು ದಿನದ ಕೆಲಸ. ಮುಂದ ಜನ್ಮಕ್ಕ ತೊಂದ್ರಿ ಇಲ್ಲ.”

“ನನ್ನ ತೋಳು ಯಾರು ಎತ್ತಬೇಕಪಾ? ನೀ ಬರ್ತೀಯೇನು ಮಂಗಳವಾರ ಮಂಗಳವಾರ?”

ಕಾಕಾ ನಕ್ಕರು. ಸಿಸ್ಟರ್ ನಗಲಿಲ್ಲ. ಒಂದು ವಾರ ನೋಡುತ್ತೇನೆ, ಕಾರು ನಂಬುವ ಹಾಗೆ ಆಗದಿದ್ದರೆ ಮಾರಿ ಹಳ್ಳಿಗಳ ತಿರುಗಾಟ ನಿಲ್ಲಿಸಿಬಿಡುತ್ತೇನೆ ಎಂದರು. ಮೊರಬದಲ್ಲಿ ಆಗ ಹನ್ನೊಂದು ಮಂದಿ ಬಸುರಿಯರು ಅವರ ಲೆಕ್ಕದಲ್ಲಿದ್ದರು. ಅವರಿಗೂ ನನ್ನಂತೆಯೇ ಬರೆದಿಡುವ ಅಭ್ಯಾಸ.

ಅವರು ಹೋದ ಮೇಲೆ ಕಾಕಾನನ್ನು ಕೇಳಿದೆ. “ಕಿತ್ತು ಒಗಿಯೂ ಮೊದಲ ನನಗ ನಾಕು ದಿನ ಕೊಡ್ರಿ ಕಾಕಾ. ಯಾವಾಗ ಬಂದ್ ಬೀಳತದ, ಯಾವಾಗ ಬೀಳೂದಿಲ್ಲ, ಬರಕೊಂಡು ನೋಡ್ತೀನಿ.”

“ಬರದು ಗಾಡಿ ರಿಪೇರಿ ಆಗೂದಿದ್ರ ಊರ ಲೆಕ್ಕ ಬರಿಯೂ ತಲಾಠಿಗೋಳೆಲ್ಲಾ ಮಿಸ್ತ್ರಿ ಆಗಿರತಿದ್ರಲೇ ಶಂಕ್ರ್ಯಾ. ಬರಿ, ಬರಿ. ಕಾಗದ ಮುಗದ ಮ್ಯಾಲೆ ಪಾನಾ ಹಿಡಿ.”

ಮರುದಿನ, 9ನೇ ತಾರೀಖು, ಗ್ಯಾರೇಜಿನ ಹಿಂದಿನ ಬಯಲಿಗೆ ಕಾರು ಒಯ್ದೆ. ಎಂಜಿನ್ ಬಿಸಿ ಮಾಡಿ, ಕಾಲು ಆಕ್ಸಿಲರೇಟರಿನಿಂದ ತೆಗೆದು, ಅದು ತನ್ನಷ್ಟಕ್ಕೆ ಸಣ್ಣಗೆ ಓಡುತ್ತಿರುವಾಗ ಸ್ಟೇರಿಂಗನ್ನು ಇಪ್ಪತ್ತು ಸಲ ಪೂರ್ತಿ ಎಡಕ್ಕೂ ಇಪ್ಪತ್ತು ಸಲ ಪೂರ್ತಿ ಬಲಕ್ಕೂ ತಿರುಗಿಸಿದೆ. ಇಪ್ಪತ್ತು ಸಲ ನೇರ ಇಟ್ಟು ಒಂದೊಂದು ನಿಮಿಷ ಕಾದೆ. ಡೈರಿಯಲ್ಲಿ ಹೀಗಿದೆ: ಎಡಕ್ಕೆ ಹದಿಮೂರು ಸಲ ಬಂದ್, ಬಲಕ್ಕೆ ಹದಿನಾಲ್ಕು ಸಲ ಬಂದ್, ನೇರ ಇದ್ದಾಗ ಸೊನ್ನೆ. ಪೆಟ್ರೋಲ್ ಸರಿಯಾಗಿ ಬರುತ್ತಿಲ್ಲ ಎಂಬ ಅನುಮಾನ ಅಲ್ಲಿಗೆ ಮುಗಿಯಿತು. ಪೆಟ್ರೋಲಿನ ದೋಷಕ್ಕೆ ಸ್ಟೇರಿಂಗ್ ಯಾವ ಕಡೆ ತಿರುಗಿದೆ ಎಂಬುದು ಗೊತ್ತಾಗುವುದಿಲ್ಲ.

10ನೇ ತಾರೀಖು ಸಂಜೆ ಸಿಸ್ಟರ್ ಕಾರಿನ ಪುಸ್ತಕ ತಂದುಕೊಟ್ಟರು. ಅರ್ಧ ಅರಬ್ಬಿ, ಅರ್ಧ ಇಂಗ್ಲಿಷ್. ಹೆರಿಗೆ ಮನೆಯ ಕಟ್ಟೆಯ ಮೇಲೆ ಕೂತು ಅವರು ಓದಿ ಕನ್ನಡದಲ್ಲಿ ಹೇಳಿದರು, ನಾನು ಬರೆದುಕೊಂಡೆ. ಸ್ಟೇರಿಂಗ್ ತಿರುಗಿಸಿದಾಗ ಪಂಪಿಗೆ ಭಾರ ಬೀಳುತ್ತದೆ. ಆ ಭಾರ ಎಂಜಿನ್ನಿನ ಮೇಲೆ ಬರುತ್ತದೆ. ಎಣ್ಣೆಯ ಕೊಳವೆಯಲ್ಲಿ ಕೂತ ಒಂದು ಪ್ರೆಶರ್ ಸೆನ್ಸರ್ ಒತ್ತಡ ಏರಿದ್ದನ್ನು ತಿಳಿದು ವೈರಿನ ಮೂಲಕ ಸುದ್ದಿ ಮುಟ್ಟಿಸುತ್ತದೆ. ಆಗ ಎಂಜಿನ್ ತನ್ನ ಓಟವನ್ನು ತಾನೇ ಸ್ವಲ್ಪ ಹೆಚ್ಚಿಸಿಕೊಳ್ಳುತ್ತದೆ. ಸುದ್ದಿ ಮುಟ್ಟದಿದ್ದರೆ ಭಾರ ತಾಳದೆ ನಿಂತುಬಿಡುತ್ತದೆ.

“ಬಿ.ಪಿ. ನೋಡೂ ನರ್ಸ್ ಇದ್ದಂಗ ನೋಡು ಇದು,” ಎಂದರು ಸಿಸ್ಟರ್. “ನರ್ಸ್ ಮಲಗಿದ್ರ ಡಾಕ್ಟರಗ ಹೆಂಗ ಗೊತ್ತಾಗಬೇಕು?”

“ನಿಮ್ಮ ದವಾಖಾನ್ಯಾಗ ನರ್ಸ್ ಯಾವಾಗ ಮಲಗ್ಯಾರ?” ಎಂದು ಒಳಗಿಂದ ಯಲ್ಲವ್ವ ಕೂಗಿದಳು. “ನಾ ಕೂತು ತೂಕಡಿಸಿದ್ರೂ ಬೈತಾರ!”

ಆ ಸೆನ್ಸರನ್ನು ಹುಡುಕಲು ಒಂದು ದಿನ ಹಿಡಿಯಿತು. ಪಂಪಿನ ಕೆಳಗೆ, ಒಣಗಿದ ಎರೆಮಣ್ಣಿನ ಹೆಂಟೆಯ ಒಳಗೆ, ಹೆಬ್ಬೆರಳಿನಷ್ಟು ಗಾತ್ರದ ಎರಡು ವೈರಿನ ಸ್ವಿಚ್ಚು. 12ನೇ ತಾರೀಖು ಶುಕ್ರವಾರ ವೈರು ಬಿಚ್ಚಿ, ಟಾರ್ಚಿನ ಸೆಲ್ಲು ಮತ್ತು ಸಣ್ಣ ಬಲ್ಬು ಜೋಡಿಸಿ ನೋಡಿದೆ. ಸ್ಟೇರಿಂಗ್ ಪೂರ್ತಿ ತಿರುಗಿದಾಗ ಬಲ್ಬು ಹತ್ತಬೇಕು. ಮೂವತ್ತು ಸಲ ತಿರುಗಿಸಿದರೂ ಒಮ್ಮೆಯೂ ಹತ್ತಲಿಲ್ಲ. ಆಮೇಲೆ ಗಾಡಿಯ ಕಡೆಯ ಎರಡು ವೈರುಗಳನ್ನು ಒಂದಕ್ಕೊಂದು ಮುಟ್ಟಿಸಿದೆ. ಎಂಜಿನ್ನಿನ ದನಿ ಏರಿತು. ಹಾಗೆ ಮುಟ್ಟಿಸಿ ಹಿಡಿದು ನಲವತ್ತು ಸಲ ತಿರುಗಿಸಲು ಹೇಳಿದೆ. ಬಂದ್ ಬಿದ್ದದ್ದು ಸೊನ್ನೆ.

ತಿರುಗಿಸುತ್ತಿದ್ದವರು ಕಾಕಾ. ಕೆಳಗಿಳಿದು ನನ್ನ ಬೆನ್ನಿಗೆ ಗುದ್ದಿದರು. ಅಂದು ಸಂಜೆ ಗ್ಯಾರೇಜಿನ ಎದುರಿನ ಚಾದಂಗಡಿಯಲ್ಲಿ ಎಲ್ಲರಿಗೂ ಗಿರಮಿಟ್ಟು, ಮಿರ್ಚಿ ತರಿಸಿ, “ಇವ ನನ್ನ ಕೈಯಾಗ ತಯಾರಾದವ,” ಎಂದು ಹೇಳಿದರು. ಒಂದಲ್ಲ, ಮೂರು ಸಲ ಹೇಳಿದರು. ಅದನ್ನೂ ಡೈರಿಯಲ್ಲಿ ಬರೆದಿದ್ದೇನೆ.

ಶನಿವಾರ 13ನೇ ತಾರೀಖು ಮಧ್ಯಾಹ್ನ ಸ್ವಿಚ್ಚನ್ನು ಬಿಚ್ಚಿದೆ. ಬುಡದ ರಬ್ಬರ್ ಉಂಗುರ ನೆನೆಸಿದ ಕಡಲೆಯಂತೆ ಉಬ್ಬಿ ಮೆತ್ತಗಾಗಿತ್ತು. ಸ್ವಿಚ್ಚಿನ ಒಳಗೆ ಒತ್ತಡಕ್ಕೆ ಸರಿದಾಡಬೇಕಾದ ಸಣ್ಣ ಗುಂಡಿಯೂ ಉಬ್ಬಿದ ರಬ್ಬರಿನಲ್ಲಿ ಸಿಕ್ಕಿ ಜಾಮ್ ಆಗಿತ್ತು. ಎಣ್ಣೆಯಲ್ಲಿ ವರ್ಷಗಟ್ಟಲೆ ಇದ್ದರೂ ರಬ್ಬರ್ ಹೀಗಾಗುವುದಿಲ್ಲ. ತೂತಿನಿಂದ ಇಳಿದ ದ್ರವವನ್ನು ಮೂಸಿ ನೋಡಿದೆ. ಆ ವಾಸನೆ ಪ್ರತಿ ದಿನ ನನ್ನ ಅಂಗಿಯಿಂದಲೇ ಬರುವಂಥದ್ದು. ಖಾತ್ರಿ ಮಾಡಿಕೊಳ್ಳಲು ಒಂದು ತಾಟಿನಲ್ಲಿ ನೀರು ತೆಗೆದುಕೊಂಡು ನಾಲ್ಕು ಹನಿ ಬಿಟ್ಟೆ. ಎಣ್ಣೆಯಾಗಿದ್ದರೆ ಮೇಲೆ ತೇಲಬೇಕು. ಸ್ಟೇರಿಂಗಿನ ಕೆಂಪು ಎಣ್ಣೆ ಸ್ವಲ್ಪ ತೇಲಿತು; ಉಳಿದದ್ದು ನೀರಿನಲ್ಲಿ ಕರಗಿ ಹೋಯಿತು. ನೀರಿನಲ್ಲಿ ಕರಗುವುದು ಬ್ರೇಕ್ ಆಯಿಲ್. ಸ್ಟೇರಿಂಗಿನ ಎಣ್ಣೆ ತುಂಬುವ ಡಬ್ಬಿಯ ಕೆಳಗೆ ನೋಡಿದೆ. ಅಲ್ಲಿ ಕಾರಿನ ಬಣ್ಣ ಗುಳ್ಳೆ ಎದ್ದು ಸುಲಿದಿತ್ತು. ಬ್ರೇಕ್ ಆಯಿಲ್ ಚೆಲ್ಲಿದ ಕಡೆ ಬಣ್ಣ ಹಾಗೆ ಸುಲಿಯುತ್ತದೆ.

ರಿಜಿಸ್ಟರ್ ತೆಗೆದೆ. ಮೇ 11, ಸೋಮವಾರ. ಅಂದು ನಾನು ಸಾಮಾನು ತರಲು ಹುಬ್ಬಳ್ಳಿಗೆ ಹೋಗಿದ್ದೆ. ಸಂಜೆ ಬಂದ ಮೇಲೆ ಕಾಕಾ ಹೇಳಿದ್ದನ್ನು ಬರೆದಿದ್ದೆ: ‘ಸಿಸ್ಟರ್ ಕಾರು. ಎಂಜಿನ್ ಆಯಿಲ್ ಬದಲು. ಬ್ರೇಕ್ ಆಯಿಲ್ ಅರ್ಧ ಲೀಟರ್.’ ಕೊನೆಗೆ ನನ್ನ ಸಹಿ. ಬ್ರೇಕಿನ ಡಬ್ಬಿಗೆ ಅರ್ಧ ಲೀಟರ್ ಹಿಡಿಯುವುದೇ ಇಲ್ಲ. ಎಷ್ಟು ಸಲ ಎಂದು ಎಣಿಸುವ ನಾನು ಎಷ್ಟು ಹಿಡಿಯುತ್ತದೆ ಎಂದು ಅಂದು ಯೋಚಿಸಿರಲಿಲ್ಲ. ಕಾಕಾ ಹೇಳಿದ್ದರಲ್ಲ, ಬರೆದಿದ್ದೆ.

ಸಂಜೆ ನಾಲ್ಕಕ್ಕೆ ಕಾಕಾನನ್ನು ಹಿಂದಿನ ಬಯಲಿಗೆ ಕರೆದು ತಾಟು ತೋರಿಸಿದೆ. ಅವರು ಸುತ್ತಿ ಬಳಸಿ ಮಾತಾಡಲಿಲ್ಲ.

“ಹೌದು. ನಾನ ಹಾಕಿದ್ದು. ಬ್ರೇಕಿನ ಡಬ್ಬಿ ಬಾಜುಕ್ಕ ಇನ್ನೊಂದು ಡಬ್ಬಿ ಖಾಲಿ ಕಾಣ್ತು. ಅದೂ ಬ್ರೇಕಿಂದ ಇರಬೇಕು ಅಂದ್ಕೊಂಡೆ. ಪವರ್ ಸ್ಟೇರಿಂಗ್ ನಮ್ಮಪ್ಪ ಕಂಡಿದ್ನೋ, ನಾ ಕಂಡಿದ್ನೋ?”

“ಸೋಮವಾರ ಬಾನೆಟ್ ಎತ್ತಿದಾಗ ಗೊತ್ತಾತೇನ್ರಿ?”

“ಬಣ್ಣ ಸುಲದದ್ದು ಕಾಣ್ತು,” ಎಂದರು.

ಜೀಪಿನ ಡಬ್ಬಿ ಕೂರಿಸಿ, ಪಂಪು, ಕೊಳವೆ, ಎಣ್ಣೆ ಎಲ್ಲ ಕಿತ್ತು ಎಸೆಯಬೇಕೆಂದು ಅವರು ಹೇಳಿದ್ದೇಕೆ ಎಂಬುದು ಆಗ ನನಗೆ ತಿಳಿಯಿತು. ನಾಲ್ಕು ದಿನ ನಾನು ಅಂಗಾತ ಮಲಗಿ ಹುಡುಕುತ್ತಿದ್ದದ್ದನ್ನು ಅವರು ಮೊದಲ ದಿನವೇ ಕಂಡಿದ್ದರು. ನಲವತ್ತು ಸಲ ಸ್ಟೇರಿಂಗ್ ತಿರುಗಿಸಿ, ಗಿರಮಿಟ್ಟು ತರಿಸಿದ್ದರು.

“ಉಳದ ರಬ್ಬರ್ ಎಲ್ಲಾ ಹಿಂಗ ಆಗಿರತಾವ ಕಾಕಾ. ಕೊಳವಿ, ಪಂಪು, ಎಲ್ಲಾ. ಇದನ್ನೆಲ್ಲಾ ಬಸದು ತಗೀಬೇಕು. ಕೆಂಪು ಎಣ್ಣಿ ಹುಬ್ಬಳ್ಳಿಯೊಳಗ ದೊಡ್ಡ ಮಷೀನ್ ಸಾಮಾನು ಮಾರೂ ಅಂಗಡ್ಯಾಗ ಸಿಗತದ.”

“ತಗಿಯೂಣು. ಬ್ಯಾಡ ಅಂದ್ನೇನು? ಈಗ ಗಾಡಿ ಕೊಟ್ಟು ಕಳಸೂಣು. ಬರೂ ವಾರ ಸರ್ವಿಸ್ ಅಂತ ಕರದು, ಎಣ್ಣಿ ಬದಲ್ ಮಾಡೂಣು. ಎಂಟು ದಿನದಾಗ ಏನ್ ಮುಳುಗತೈತಿ?” ಆಮೇಲೆ ನನ್ನ ಹೆಗಲ ಮೇಲೆ ಕೈ ಇಟ್ಟರು. “ಇದು ನಿನ್ನಾಗ ನನ್ನಾಗ ಇರಲಿ ತಮ್ಮಾ. ಇಪ್ಪತ್ತೆಂಟು ವರ್ಷ ಆತು ಈ ಊರಾಗ. ನನಗ ಇರೂದು ಒಂದು ಹೆಸರು.”

ನಾನು ಹೂಂ ಎಂದೆ. ಹೆಗಲ ಮೇಲಿನ ಆ ಕೈ ಸುಳ್ಳಿನದೆಂದು ಅಂದು ಅನ್ನಿಸಲಿಲ್ಲ. ಇಂದಿಗೂ ಪೂರ್ತಿ ಹಾಗೆ ಅನ್ನಿಸುವುದಿಲ್ಲ.

ಕೆಟ್ಟ ಸ್ವಿಚ್ಚಿನ ವೈರುಗಳನ್ನು ಡ್ಯಾಶ್‌ಬೋರ್ಡಿಗೆ ಎಳೆದು ಕರೆಗಂಟೆಯ ಒಂದು ಗುಂಡಿ ಕೂರಿಸಿದೆ. ತಿರುವಿನಲ್ಲಿ ಅದನ್ನು ಒತ್ತಿ ಹಿಡಿದರೆ ಎಂಜಿನ್ ನಿಲ್ಲುವುದಿಲ್ಲ. ಹೊಸ ಸ್ವಿಚ್ಚನ್ನು ಕುವೈತ್‌ನಿಂದ ತರಿಸುವವರೆಗೆ ಈ ವ್ಯವಸ್ಥೆ. ಸ್ವಿಚ್ಚಿನ ಬುಡಕ್ಕೆ ಬೇರೆ ಉಂಗುರ ಹಾಕಿದೆ. ಸೋಮವಾರ 15ನೇ ತಾರೀಖು ಬೆಳಿಗ್ಗೆ ಸಿಸ್ಟರ್ ಬಂದರು. ಬಯಲಿನಲ್ಲಿ ಎಂಟು ಸುತ್ತು ಹೊಡೆದರು. ಒಮ್ಮೆಯೂ ನಿಲ್ಲಲಿಲ್ಲ.

“ಶಂಕರಪ್ಪ, ನೀ ಡಾಕ್ಟರ್ ಆಗಬೇಕಿತ್ತು ನೋಡು,” ಎಂದರು. “ನಾಳೆ ಮೊರಬಕ್ಕ ಹೋಗಲೇನು ಧೈರ್ಯಲೆ?”

ಕಾಕಾ ನನ್ನ ಬಾಜುವಿನಲ್ಲೇ ನಿಂತಿದ್ದರು. “ಹೋಗ್ರಿ ಬಾಯಾರ, ಅಗದಿ ಬೇಫಿಕರ್ ಹೋಗ್ರಿ,” ಎಂದರು. ಸಿಸ್ಟರ್ ನೋಡುತ್ತಿದ್ದದ್ದು ನನ್ನನ್ನು. ನಾನು ಕಾರಿನ ಕೀಲಿಕೈಯನ್ನು ಅವರ ಅಂಗೈಯಲ್ಲಿ ಇಟ್ಟೆ.

ಮಂಗಳವಾರ ಸಂಜೆ ಮೊರಬದಿಂದ ಮರಳುವಾಗ ಪಂಪಿನ ಕೊಳವೆಯ ಸೀಲು ಬಿಟ್ಟಿತು. ಎಣ್ಣೆಯೆಲ್ಲ ರಸ್ತೆಗೆ ಸುರಿದು, ಹಳ್ಳದ ಸೇತುವೆಗೆ ಇನ್ನೂ ಮೂವತ್ತು ಹೆಜ್ಜೆ ಇರುವಾಗ ತಿರುವಿನಲ್ಲಿ ಸ್ಟೇರಿಂಗ್ ಬಿಗಿಯಾಯಿತು. ಎಂಜಿನ್ ಓಡುತ್ತಲೇ ಇತ್ತು. ಗುಂಡಿ ತನ್ನ ಕೆಲಸ ಮಾಡುತ್ತಿತ್ತು. ಕಾರು ರಸ್ತೆ ಬಿಟ್ಟು ಹೊಲಕ್ಕೆ ಇಳಿದು ಎರೆಯಲ್ಲಿ ಹೂತು ನಿಂತಿತು. ಯಲ್ಲವ್ವನಿಗೆ ಹಣೆ ಒಡೆದು ನಾಲ್ಕು ಹೊಲಿಗೆ ಬಿದ್ದವು. ಸ್ಟೇರಿಂಗನ್ನು ಬಲವಂತವಾಗಿ ಎಳೆದ ಸಿಸ್ಟರ್ ಅವರ ಅದೇ ಭುಜದ ಕೀಲು ತಪ್ಪಿತು. ಮೂವತ್ತು ಹೆಜ್ಜೆಯ ಈ ಲೆಕ್ಕ ನನ್ನದೇ. ಮರುದಿನ ಬೆಳಿಗ್ಗೆ ಹೋಗಿ ಅಳೆದು ಬಂದೆ.

ಬುಧವಾರ ಹತ್ತು ಗಂಟೆಗೆ ಟ್ರ್ಯಾಕ್ಟರು ಕಾರನ್ನು ಎಳೆದು ತಂದು ಗ್ಯಾರೇಜಿನಲ್ಲಿ ಬಿಟ್ಟಿತು. ಹಿಂದೆಯೇ ಸಿಸ್ಟರ್ ಬಂದರು, ತೋಳನ್ನು ಕುತ್ತಿಗೆಗೆ ಬಟ್ಟೆಯಿಂದ ಕಟ್ಟಿಕೊಂಡು. ಆರೇಳು ಜನ ಸೇರಿದ್ದರು. ಸಿಸ್ಟರ್ ಅವರಿಗೂ ಮೂಗು ಇತ್ತು. ಬಾನೆಟ್ಟಿನ ಒಳಗೆ ಬೆರಳಾಡಿಸಿ ಮೂಸಿ, ಬಣ್ಣ ಸುಲಿದದ್ದನ್ನು ನೋಡಿ, “ಇದರಾಗ ಏನು ಹಾಕಿದ್ರಿ?” ಎಂದು ಕೇಳಿದರು. ನೇರವಾಗಿ ಕಾಕಾನನ್ನೇ ಕೇಳಿದರು.

ಕಾಕಾ ಒಳಗೆ ಹೋಗಿ ರಿಜಿಸ್ಟರ್ ತಂದರು. ಓದಲು ಬಾರದ ಮನುಷ್ಯ. ಆದರೆ ಆ ಪುಟಕ್ಕೆ ಮೊದಲೇ ಒಂದು ಬೀಡಿಯ ಕಾಗದ ಇಟ್ಟಿದ್ದರು.

“ನೋಡ್ರಿ ಬಾಯಾರ. ಬ್ರೇಕ್ ಆಯಿಲ್ ಅರ್ಧ ಲೀಟರ್. ಅಕ್ಷರ ಯಾರದು? ಸಹಿ ಯಾರದು? ನನಗ ಸಹಿ ಬರೂದಿಲ್ಲ ಅನ್ನೂದು ಊರಿಗೇ ಗೊತ್ತೈತಿ. ಹುಡುಗ ಶಾಣ್ಯಾ ಅಂತ ನಂಬಿ ಕೈಗೆ ಕೊಟ್ಟೆ. ನಂದ ತಪ್ಪು.”

ಅವರು ನನ್ನನ್ನು ನೋಡಲಿಲ್ಲ. ಅಂದು ನಾನು ಹುಬ್ಬಳ್ಳಿಯಲ್ಲಿದ್ದೆ, ಡೈರಿಯಲ್ಲಿ ಬಸ್ಸಿನ ಟಿಕೆಟ್ಟು ಸಮೇತ ಇದೆ ಎನ್ನಬೇಕಿತ್ತು. ಆದರೆ ಮೂರು ವರ್ಷದ ಕಟ್ಟಳೆ ನಾಲಿಗೆಯ ಮೇಲೆ ಕೂತಿತ್ತು: ಗಿರಾಕಿ ಎದುರಿಗೆ ಮಿಸ್ತ್ರಿಯ ಮಾತು ಕತ್ತರಿಸಬಾರದು. ಅದು ಎಷ್ಟು ಗಟ್ಟಿಯಾಗಿ ಕೂತಿದೆ ಎಂದು ಅವರಿಗೂ ಗೊತ್ತಿತ್ತು.

ಸಿಸ್ಟರ್ ರಿಜಿಸ್ಟರಿನ ಕಡೆ ನೋಡಲೇ ಇಲ್ಲ. ನನ್ನನ್ನು ಕೇಳಿದರು.

“ಶಂಕರಪ್ಪ, ಯಾರು ಹಾಕಿದ್ರು ಅಂತ ನಾ ಕೇಳೂದಿಲ್ಲ. ಬ್ರೇಕ್ ಆಯಿಲ್ ಬಿದ್ದದ್ದು ನಿನಗ ಯಾವಾಗ ಗೊತ್ತಾತು?”

“ಶನಿವಾರ್ರಿ. ಹದಿಮೂರನೇ ತಾರೀಖು. ಮಧ್ಯಾಹ್ನ ಮೂರೂವರಿಗೆ.”

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಸಿಸ್ಟರ್ ಒಳಗೊಳಗೇ ಎಣಿಸುತ್ತಿದ್ದಂತೆ ಕಾಣಿಸಿತು.

“ಶನಿವಾರ,” ಎಂದರು. “ಸೋಮವಾರ ಕೀಲಿಕೈ ಕೊಟ್ಟಿ. ಮಂಗಳವಾರ ನಾ ಹೋದೆ.”

ಅಷ್ಟೇ. ಬೈಯಲಿಲ್ಲ. ಕಾರನ್ನು ಮಧ್ಯಾಹ್ನದೊಳಗೆ ಹುಬ್ಬಳ್ಳಿಗೆ ಒಯ್ಯುವ ವ್ಯವಸ್ಥೆ ಮಾಡಿ ಹೊರಟುಹೋದರು. ಅಂದು ಬಂದ ಬುತ್ತಿಯನ್ನು ನಾನು ಬಿಚ್ಚಲಿಲ್ಲ. ಸಂಜೆ ನನ್ನ ಕೈಯಲ್ಲಿದ್ದ, ನಟ್ಟು ಬಿಚ್ಚುವ ಪಾನಾಗಳನ್ನು ಎಣಿಸಿ, ಗ್ಯಾರೇಜಿನವು ಹದಿನೇಳನ್ನು ಬೆಂಚಿನ ಮೇಲೆ ಇಟ್ಟು, ನನ್ನವು ಆರನ್ನು ಚೀಲಕ್ಕೆ ಹಾಕಿಕೊಂಡು ಹೊರಬಿದ್ದೆ. ಕಾಕಾ ಕರೆಯಲಿಲ್ಲ.

ಸಿಸ್ಟರ್ ಅವರ ಕಾರು ಆಮೇಲೆ ನವಲಗುಂದಕ್ಕೆ ಬರಲಿಲ್ಲ. ರಿಪೇರಿ ಆಯಿತಂತೆ, ಆದರೆ ಆ ಭುಜಕ್ಕೆ ಇನ್ನು ಬೆರಳಿನಿಂದ ತಿರುಗಿಸುವಷ್ಟು ಬಲವೂ ಉಳಿದಿರಲಿಲ್ಲ. ಮೂರು ಮಂಗಳವಾರ ತಪ್ಪಿದವು. ನಾಲ್ಕನೆಯದರಿಂದ ಅವರು ಯಲ್ಲವ್ವನನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಮೊರಬಕ್ಕೆ ಹೋಗತೊಡಗಿದರು. ಐದು ಹಳ್ಳಿಗಳಲ್ಲಿ ಮೂರಕ್ಕೆ ಮಾತ್ರ ಬಸ್ಸು ಇತ್ತು. ಉಳಿದ ಎರಡಕ್ಕೆ ಹೋಗುವುದು ನಿಂತಿತು. ಇದನ್ನು ಯಲ್ಲವ್ವ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಹೇಳಿದಳು. ಹಣೆಯ ಗಾಯ ವಾಸಿಯಾಗಿತ್ತು, ಕಲೆ ಉಳಿದಿತ್ತು.

ಅಂದು ಕಾಕಾ ಮಾಡಿದ್ದಕ್ಕೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ. ನಾನೇ ಬರೆದ ಅಕ್ಷರದಿಂದ ನನ್ನನ್ನು ಹೊಡೆದರು. ಆದರೆ ಸಿಸ್ಟರ್ ಅಂದು ಮಾತಾಡಿದ್ದು ಆ ಅರ್ಧ ಲೀಟರಿನ ಬಗ್ಗೆ ಅಲ್ಲ, ಶನಿವಾರದಿಂದ ಮಂಗಳವಾರದವರೆಗಿನ ದಿನಗಳ ಬಗ್ಗೆ. ಆ ದಿನಗಳು ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ, ನನ್ನ ಬಾಯಲ್ಲಿದ್ದವು. ಕಾಕಾ ನನಗೆ ಮೋಸ ಮಾಡಿದ್ದು ಬುಧವಾರ. ನಾನು ಸಿಸ್ಟರ್ ಅವರಿಗೆ ಮಾಡಿದ್ದು ಸೋಮವಾರ.

ಈಗ ಕುಂದಗೋಳದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತೇನೆ. ಕೈಕೆಳಗೆ ಇಬ್ಬರಿದ್ದಾರೆ. ನನ್ನ ತಪ್ಪು ಕಂಡರೆ ಗಿರಾಕಿ ಎದುರಿಗೇ ಹೇಳಬೇಕೆಂದು ಅವರಿಗೆ ತಾಕೀತು ಮಾಡಿದ್ದೇನೆ. ಇಬ್ಬರಲ್ಲಿ ಒಬ್ಬ ಅದನ್ನು ಅತಿಯಾಗಿಯೇ ಪಾಲಿಸುತ್ತಾನೆ. ಹೋದ ತಿಂಗಳು ಗುಡಗೇರಿಯ ಟ್ರ್ಯಾಕ್ಟರಿಗೆ ನಾನೇ ಒಂದು ನಟ್ಟನ್ನು ಅಡ್ಡ ತಿರುವಿ ಕೆಡಿಸಿದ್ದೆ. ಹೊಲಕ್ಕೆ ಹೋಗಿ ರೈತನಿಗೆ ಹೇಳಿದೆ. ಅವನು ಬಾಯಿ ತುಂಬ ಬೈದ. ಎಣ್ಣೆ ಮೆತ್ತಿದ ಕೈಯಲ್ಲೇ ಹೋಗಿದ್ದೆ. ದೋಷ ಕಂಡ ಮೇಲೆ ಕೈ ತೊಳೆಯಲು ನಿಂತರೆ ಹೇಳದಿರಲು ಕಾರಣಗಳು ಹೊಳೆಯತೊಡಗುತ್ತವೆ.